ಎಲ್‌ಇಡಿಗೂ ಬ್ಯಾಟರಿಗೂ ನಡುವೆ ಒಂದು ರೆಸಿಸ್ಟರ್

9 ವೋಲ್ಟ್ ಬ್ಯಾಟರಿಗೆ ಕೆಂಪು ಎಲ್‌ಇಡಿಯನ್ನು ನೇರವಾಗಿ ಜೋಡಿಸಿದರೆ ಅದು ಒಂದು ಕ್ಷಣ ಜೋರಾಗಿ ಬೆಳಗಿ ಸುಟ್ಟುಹೋಗುತ್ತದೆ. ಕಾರಣ, ಎಲ್‌ಇಡಿಗೆ ತನ್ನ ಮೂಲಕ ಹರಿಯುವ ಕರೆಂಟನ್ನು ತಾನೇ ಮಿತಿಯಲ್ಲಿಡಲು ಬರುವುದಿಲ್ಲ. ಸುಮಾರು ಒಂದೂವರೆ ವೋಲ್ಟ್‌ವರೆಗೆ ಅದರಲ್ಲಿ ಕರೆಂಟು ಹರಿಯುವುದೇ ಇಲ್ಲವೆನ್ನಬಹುದು. 2 ವೋಲ್ಟ್ ಸಮೀಪಿಸುವಾಗ ಚೆನ್ನಾಗಿ ಬೆಳಗುತ್ತದೆ. ಅಲ್ಲಿಂದ ಮುಂದೆ ವೋಲ್ಟೇಜ್ ಸ್ವಲ್ಪವೇ ಏರಿದರೂ ಕರೆಂಟು ಒಮ್ಮೆಲೇ ನೆಗೆಯುತ್ತದೆ.

ಆದ್ದರಿಂದ ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೊಂದಾಗಿ, ಕರೆಂಟನ್ನು ತಡೆಯುವ ಒಂದು ರೆಸಿಸ್ಟರ್ ಬೇಕು. ಎಷ್ಟು ಓಮ್‌ನದು (ಓಮ್ ಎಂದರೆ ಆ ತಡೆಯ ಅಳತೆ)? ಬ್ಯಾಟರಿಯ 9 ವೋಲ್ಟ್‌ನಲ್ಲಿ ಎಲ್‌ಇಡಿಯ ಪಾಲು 2 ಹೋದರೆ ಉಳಿಯುವುದು 7. ನಮಗೆ ಬೇಕಾದ ಕರೆಂಟು 15 ಮಿಲಿಆಂಪಿಯರ್, ಅಂದರೆ 0.015 ಆಂಪಿಯರ್. ಓಮನ ನಿಯಮದಂತೆ (ತಡೆ = ವೋಲ್ಟೇಜ್ ÷ ಕರೆಂಟು) 7ನ್ನು 0.015ರಿಂದ ಭಾಗಿಸಿದರೆ ಸುಮಾರು 467 ಬರುತ್ತದೆ. ಅಂಗಡಿಯಲ್ಲಿ ಸಿಗುವ ಹತ್ತಿರದ ಮೌಲ್ಯ 470 ಓಮ್. ಮೈಮೇಲೆ ಮೌಲ್ಯ ಸೂಚಿಸುವ ಹಳದಿ, ನೇರಳೆ, ಕಂದು ಪಟ್ಟಿಗಳಿರುವುದು. ಅದರಲ್ಲಿ ಶಾಖವಾಗಿ ಹೋಗುವುದು 0.1 ವ್ಯಾಟ್‌ನಷ್ಟು ಮಾತ್ರ, ಹಾಗಾಗಿ ಸಾಮಾನ್ಯ ಕಾಲು ವ್ಯಾಟ್ ರೆಸಿಸ್ಟರ್ ಧಾರಾಳವಾಗಿ ಸಾಕು.

ರೆಸಿಸ್ಟರನ್ನು ಎಲ್‌ಇಡಿಯ ಮುಂದೆ ಹಾಕಬೇಕೋ ಹಿಂದೆ ಹಾಕಬೇಕೋ ಎಂಬ ಚರ್ಚೆ ಅನಗತ್ಯ. ಕವಲಿಲ್ಲದ ಸರ್ಕ್ಯೂಟಿನಲ್ಲಿ ಎಲ್ಲೆಡೆ ಕರೆಂಟು ಒಂದೇ. ಎಲ್ಲಿ ತಡೆದರೂ ಇಡೀ ದಾರಿಯಲ್ಲಿ ಕಡಿಮೆಯಾಗುತ್ತದೆ. ಎಲ್‌ಇಡಿಯ ದಿಕ್ಕು ಮಾತ್ರ ಮುಖ್ಯ: ಉದ್ದದ ಕಾಲು ಧನ ಧ್ರುವದ ಕಡೆಗೆ. ತಿರುಗುಮುರುಗಾದರೆ ಬೆಳಗದು. ಹಲವು ಎಲ್‌ಇಡಿಗಳು ಹಿಮ್ಮುಖವಾಗಿ ತಾಳಿಕೊಳ್ಳುವುದು 5 ವೋಲ್ಟ್‌ನಷ್ಟನ್ನೇ, ಹಾಗಾಗಿ ಅದನ್ನು ಹಾಗೆಯೇ ಬಿಡದೆ ತಕ್ಷಣ ಸರಿಪಡಿಸಿ.

ಎರಡು ಎಲ್‌ಇಡಿ ಬೇಕಿದ್ದರೆ ಸರಣಿಯಲ್ಲೇ ಜೋಡಿಸಿ: ಉಳಿಯುವುದು 5 ವೋಲ್ಟ್, ರೆಸಿಸ್ಟರ್ 330 ಓಮ್. ಅವನ್ನು ಸಮಾಂತರವಾಗಿಟ್ಟು, ಅಂದರೆ ಅಕ್ಕಪಕ್ಕದ ಎರಡು ಕವಲುಗಳಲ್ಲಿಟ್ಟು, ಒಂದೇ ರೆಸಿಸ್ಟರಿನಲ್ಲಿ ಮುಗಿಸುವ ಉಳಿತಾಯ ಬೇಡ. ಒಂದೇ ಪೊಟ್ಟಣದ ಎರಡು ಎಲ್‌ಇಡಿಗಳಲ್ಲೂ ಸಣ್ಣ ವ್ಯತ್ಯಾಸವಿರುತ್ತದೆ. ಕಡಿಮೆ ವೋಲ್ಟೇಜಿಗೇ ಬೆಳಗುವುದು ಹೆಚ್ಚಿನ ಕರೆಂಟನ್ನು ತಾನೇ ಎಳೆದುಕೊಳ್ಳುತ್ತದೆ.

ಬ್ರೆಡ್‌ಬೋರ್ಡಿನಲ್ಲಿ (ಬೆಸುಗೆಯಿಲ್ಲದೆ ರಂಧ್ರಗಳಿಗೆ ಚುಚ್ಚಿ ಜೋಡಿಸುವ ಹಲಗೆ) ಎಲ್‌ಇಡಿ ಬೆಳಗದಿದ್ದರೆ ಮೊದಲು ಕಾಲುಗಳನ್ನು ನೋಡಿ. ಒಂದು ಸಾಲಿನ ಐದು ರಂಧ್ರಗಳು ಒಳಗೆ ಒಂದೇ ಲೋಹದ ಪಟ್ಟಿಗೆ ಸೇರಿರುತ್ತವೆ. ಎಲ್‌ಇಡಿಯ ಎರಡೂ ಕಾಲುಗಳು ಅದೇ ಸಾಲಿಗೆ ಬಿದ್ದರೆ ಕರೆಂಟು ಅದನ್ನು ಬಿಟ್ಟು ಪಟ್ಟಿಯಲ್ಲೇ ಸಾಗುತ್ತದೆ.

ಮಲ್ಟಿಮೀಟರಿನಲ್ಲಿ ವೋಲ್ಟೇಜನ್ನು ಭಾಗದ ಎರಡು ತುದಿಗಳಿಗೆ ಕಡ್ಡಿ ತಾಗಿಸಿ ಅಳೆಯಬೇಕು. ಕರೆಂಟನ್ನು ಅಳೆಯಲು ಸರ್ಕ್ಯೂಟನ್ನು ಒಂದು ಕಡೆ ಬಿಡಿಸಿ ಮೀಟರನ್ನು ಆ ಜಾಗದಲ್ಲಿ ಸೇರಿಸಬೇಕು. ಆಂಪಿಯರ್ ಸ್ಥಾನದಲ್ಲಿಟ್ಟು ನೇರ ಬ್ಯಾಟರಿಗೆ ಹಿಡಿದರೆ ಮೀಟರಿನ ಫ್ಯೂಸ್ ಹೋಗಬಹುದು.

ಹಳೆಯ ಬ್ಯಾಟರಿಯ ವಿಷಯದಲ್ಲಿ ಮೀಟರ್ ದಾರಿ ತಪ್ಪಿಸುವುದುಂಟು. ಬಿಡಿಯಾಗಿ ಅಳೆದಾಗ 8 ವೋಲ್ಟ್‌ಗಿಂತ ಹೆಚ್ಚು ತೋರಿಸಿದ್ದು ಸರ್ಕ್ಯೂಟಿಗೆ ಸೇರಿಸಿದೊಡನೆ ಕುಸಿಯುತ್ತದೆ. ಬಳಸಿದಂತೆಲ್ಲ ಬ್ಯಾಟರಿಯ ಒಳರೋಧ ಹೆಚ್ಚುತ್ತದೆ. ಕರೆಂಟು ಹರಿದಾಗ ವೋಲ್ಟೇಜಿನ ಒಂದು ಪಾಲು ಒಳಗೇ ಕಳೆದುಹೋಗುತ್ತದೆ. ಮೀಟರ್ ಎಳೆಯುವ ಕರೆಂಟು ತೀರಾ ಅಲ್ಪವಾದ್ದರಿಂದ ಅದಕ್ಕೆ ಈ ನಷ್ಟ ಕಾಣುವುದಿಲ್ಲ. ಎಲ್‌ಇಡಿ ಜೋಡಿಸಿದ ಸ್ಥಿತಿಯಲ್ಲೇ ಬ್ಯಾಟರಿಯ ತುದಿಗಳಲ್ಲಿ ಅಳೆದರೆ ನಿಜ ಸಂಖ್ಯೆ ಸಿಗುತ್ತದೆ.