ಫ್ಯಾನು ನಿಂತಾಗ ಗಾಳಿ ಎತ್ತ ಹೋಗುತ್ತದೆ?

ಶವಪರೀಕ್ಷೆಯಲ್ಲಿ ಚಾಕುವಿನ ಗಾಯ ತಪ್ಪಿಸುವುದು ಕೈಗವಸು ಮತ್ತು ಶಿಸ್ತಿನ ಕೆಲಸ. ಕಟ್ಟಡ ಹೊರಬೇಕಾದ ಹೊಣೆ ಬೇರೆ, ಸೋಂಕಿನ ಗಾಳಿ ಕೊಠಡಿಯಿಂದ ಹೊರಗೆ ಸೋರದಂತೆ ನೋಡಿಕೊಳ್ಳುವುದು. ತಲೆಬುರುಡೆ ಕೊಯ್ಯುವ ವಿದ್ಯುತ್ ಗರಗಸ ಎಬ್ಬಿಸುವ ಮೂಳೆಯ ಧೂಳು, ಜೋರಾಗಿ ನೀರು ಬಿಟ್ಟಾಗ ಚಿಮ್ಮುವ ಹನಿ, ಶ್ವಾಸಕೋಶ ಅದುಮಿದಾಗ ಹೊರಬೀಳುವ ಗಾಳಿ: ಕ್ಷಯದಂಥ ರೋಗಾಣು ತೇಲುವುದು ಇವುಗಳಲ್ಲಿ. ಗರಗಸಕ್ಕೆ ಹೀರುಕೊಳವೆ ಜೋಡಿಸಿ, ನೀರಿನ ರಭಸ ತಗ್ಗಿಸಿ, ಆಮೇಲೆ ಕೊಠಡಿಯ ಗಾಳಿಯ ಲೆಕ್ಕಕ್ಕೆ ಕೂರಬೇಕು.

6 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರದ ಕೊಠಡಿಯೆಂದರೆ 90 ಘನ ಮೀಟರ್. ಗಂಟೆಗೆ 12 ಬಾರಿ ಗಾಳಿ ಬದಲಾಗಬೇಕಾದರೆ ಎಕ್ಸಾಸ್ಟ್ ಗಂಟೆಗೆ 1,080 ಘನ ಮೀಟರ್ ಎಳೆಯಬೇಕು. ಒಳಬಿಡುವುದು 920 ಎಂದಿಟ್ಟುಕೊಳ್ಳಿ. ಉಳಿದ 160 ಘನ ಮೀಟರ್ ಬಾಗಿಲ ಸಂದುಗಳಿಂದ ಒಳನುಗ್ಗುತ್ತದೆ; ಋಣ ಒತ್ತಡ, ಅಂದರೆ ಹೊರಗಿಗಿಂತ ಒಳಗೆ ಕಡಿಮೆ ಒತ್ತಡ, ಹುಟ್ಟುವುದೇ ಅಲ್ಲಿ. ಈ ಹರಿವಿಗೆ ಕಾರಿಡಾರಿಗಿಂತ 12.5 ಪಾಸ್ಕಲ್ ಕಡಿಮೆ ಒತ್ತಡ ಸಿಗಬೇಕಾದರೆ ಎಲ್ಲ ಸಂದುಗಳೂ ಸೇರಿ ಸುಮಾರು 150 ಚದರ ಸೆಂಟಿಮೀಟರ್ ಮೀರಬಾರದು. ವಿಸ್ತೀರ್ಣ ಇಮ್ಮಡಿಯಾದರೆ ಒತ್ತಡ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಕುಸಿಯುತ್ತದೆ. ಅಂದರೆ ಗೋಡೆಯಲ್ಲಿ ಕೇಬಲ್‌ಗೆಂದು ಕೊರೆದು ಮುಚ್ಚದೆ ಬಿಟ್ಟ 15 × 10 ಸೆಂಟಿಮೀಟರ್‌ನ ಒಂದೇ ಕಿಂಡಿ ಸಾಕು, 12.5 ಇದ್ದದ್ದು 3 ಪಾಸ್ಕಲ್‌ಗೆ ಬಂದು ನಿಲ್ಲುತ್ತದೆ. ಗುತ್ತಿಗೆದಾರರು ಆಗ ಎಕ್ಸಾಸ್ಟ್ ವೇಗ ಹೆಚ್ಚಿಸಿ ಮೀಟರಿನ ಮುಳ್ಳನ್ನು ಸರಿದಾರಿಗೆ ತರುತ್ತಾರೆ. ಕಿಂಡಿ ಹಾಗೇ ಉಳಿಯುತ್ತದೆ. ಪೈಪು, ಕೇಬಲ್, ದೀಪಗಳ ಸುತ್ತ ಸೀಲಂಟ್ ಹಾಕುವ ಕೆಲಸವನ್ನು ಗೋಡೆಯ ಎರಡೂ ಬದಿ ಕೈಗೆಟುಕುವಾಗಲೇ ಮುಗಿಸಬೇಕು. ಎತ್ತಿ ತೆಗೆಯುವ ಟೈಲ್ಸ್‌ನ ಸೀಲಿಂಗ್ ಇಲ್ಲಿ ಬೇಡವೇ ಬೇಡ.

ಗಂಟೆಗೆ 12 ಬದಲಾವಣೆಯಿದ್ದರೆ ತೇಲುವ ಕಣಗಳಲ್ಲಿ ಶೇ. 99 ಹೊರಹೋಗಲು 23 ನಿಮಿಷ, ಶೇ. 99.9ಕ್ಕೆ 35 ನಿಮಿಷ ಬೇಕು. ಅದೂ ಗಾಳಿ ಎಲ್ಲೆಡೆ ಸಮನಾಗಿ ಬೆರೆತರೆ. ಕಪಾಟಿನ ಹಿಂದಿನ ಮೂಲೆಗೆ ಈ ಲೆಕ್ಕ ಅನ್ವಯಿಸದು. ಒಳಬರುವ ಗಾಳಿ ಚಾವಣಿಯಿಂದ ನಿಧಾನವಾಗಿ ಇಳಿಯಲಿ, ಹೊರಹೋಗುವ ಗಾಳಿಯ ಜಾಲರಿ ಮೇಜಿನ ಬಳಿ, ನೆಲದ ಸಮೀಪ ಇರಲಿ. ಜಾಲರಿ ಮೇಲಿದ್ದರೆ ಏರೋಸಾಲ್ (ಗಾಳಿಯಲ್ಲಿ ತೇಲುವ ಸೂಕ್ಷ್ಮ ಹನಿ, ಕಣ) ವೈದ್ಯರ ಮೂಗಿನ ಮುಂದೆಯೇ ಹಾದು ಮೇಲೇರುತ್ತದೆ. ಹೆಪಾ ಫಿಲ್ಟರ್ ಇದೆಯೆಂದು ಆ ಗಾಳಿಯನ್ನೇ ಮತ್ತೆ ಒಳಗೆ ಸುತ್ತಿಸುವ ಉಳಿತಾಯವೂ ಬೇಡ. ಹೆಪಾ ಕಣ ಹಿಡಿಯುತ್ತದೆ, ಅಂಗಾಂಶ ಕೆಡದಂತಿಡಲು ಬಳಸುವ ಫಾರ್ಮಲಿನ್‌ನ ಆವಿಯನ್ನಲ್ಲ.

ನಕ್ಷೆಯಲ್ಲಿ ಯಾರ ಕಣ್ಣಿಗೂ ಬೀಳದ ತಪ್ಪು ಏರ್‌ಲಾಕ್‌ನ, ಅಂದರೆ ಎರಡು ಬಾಗಿಲುಗಳ ನಡುವಿನ ಪುಟ್ಟ ಕೋಣೆಯ, ಉದ್ದ. ಸೂಕ್ಷ್ಮಾಣು ಪ್ರಯೋಗಾಲಯದ ಅಳತೆಯನ್ನೇ ಇಲ್ಲಿಗೂ ತಂದಿಡುತ್ತಾರೆ. ಶವದ ಟ್ರಾಲಿಯೇ 2 ಮೀಟರ್ ದಾಟುತ್ತದೆ. ಹಿಂದೆ ಮುಂದೆ ಒಬ್ಬೊಬ್ಬರು ನಿಂತು ಎರಡೂ ಬಾಗಿಲು ಮುಚ್ಚಬೇಕಾದರೆ ಮೂರೂವರೆ ಮೀಟರ್ ಆದರೂ ಬೇಕು. ಗಿಡ್ಡವಾದರೆ ಸಿಬ್ಬಂದಿ, ಒಂದು ಬಾಗಿಲು ತೆರೆದಿರುವಾಗ ಇನ್ನೊಂದು ತೆರೆಯದಂತೆ ತಡೆಯುವ ಇಂಟರ್‌ಲಾಕನ್ನೇ ನಿಷ್ಕ್ರಿಯಗೊಳಿಸಿ ಎರಡೂ ಬಾಗಿಲು ತೆರೆದು ದಾಟಿಸುತ್ತಾರೆ. ಹೊರಹೋಗುವ ಶವಚೀಲದ ಮೇಲ್ಮೈಗೆ ಸೋಂಕುನಾಶಕ ಹಚ್ಚಿ ಅದು ಕೆಲಸ ಮಾಡುವಷ್ಟು ಹೊತ್ತು ಕಾಯುವುದೂ ಇದೇ ಜಾಗದಲ್ಲಿ.

ನೆಲದ ಡ್ರೈನ್‌ನ ಟ್ರ್ಯಾಪ್, ಅಂದರೆ ಚರಂಡಿಯ ಗಾಳಿ ತಡೆಯಲು ನೀರು ನಿಲ್ಲುವ ಬಾಗು, ಋಣ ಒತ್ತಡಕ್ಕೆ ಬರಿದಾಗುತ್ತದೆಂಬ ಅನಗತ್ಯ ಭಯವಿದೆ. 12.5 ಪಾಸ್ಕಲ್ ಎಳೆತಕ್ಕೆ ಟ್ರ್ಯಾಪಿನ ನೀರು ಒಂದು ಮಿಲಿಮೀಟರ್‌ಗಿಂತ ತುಸು ಹೆಚ್ಚು ಸರಿಯುತ್ತದೆ, ಅಷ್ಟೆ. ಬಳಸದೆ ಬಿಟ್ಟ ಟ್ರ್ಯಾಪ್ ಒಣಗುವುದೇ ನಿಜವಾದ ತೊಂದರೆ.

ಇನ್ನು ಪ್ರಮಾಣೀಕರಣ. 0.3 ಮೈಕ್ರಾನ್ ಕಣಗಳಲ್ಲಿ ಶೇ. 99.97 ತಡೆಯುತ್ತದೆಂಬ ಕಾರ್ಖಾನೆಯ ಪತ್ರ ಫಿಲ್ಟರಿಗೆ ಸಂಬಂಧಿಸಿದ್ದು, ಅದನ್ನು ಕೂರಿಸಿದ ಚೌಕಟ್ಟಿಗಲ್ಲ. ಸ್ಥಳದಲ್ಲೇ ಪಿಎಓ ಎಂಬ ಕೃತಕ ಎಣ್ಣೆಯ ಏರೋಸಾಲನ್ನು ಫಿಲ್ಟರಿನ ಹಿಂದೆ ಬಿಟ್ಟು, ಮುಂದಿನ ಮುಖವನ್ನೂ ಅಂಚುಗಳನ್ನೂ ಸೆಕೆಂಡಿಗೆ ಸುಮಾರು 5 ಸೆಂಟಿಮೀಟರ್ ವೇಗದಲ್ಲಿ, ನುಸುಳಿದ ಏರೋಸಾಲನ್ನು ಅಳೆಯುವ ಪ್ರೋಬ್‌ನಿಂದ ಸವರಬೇಕು. ಎಲ್ಲೇ ಆಗಲಿ ಶೇ. 0.01 ಮೀರಿ ನುಸುಳಿದರೆ ಅನುತ್ತೀರ್ಣ. ಗ್ಯಾಸ್ಕೆಟ್‌ನ ಮೂಲೆಗಳನ್ನು ಅವಸರದಲ್ಲಿ ದಾಟಬೇಡಿ. ಏರೋಸಾಲ್ ಬಿಡುವ ರಂಧ್ರ ಫಿಲ್ಟರಿಗೆ ತೀರಾ ಹತ್ತಿರವಿದ್ದರೆ ಅದು ಸಮನಾಗಿ ಬೆರೆಯದೆ ಪರೀಕ್ಷೆಯೇ ಸುಳ್ಳಾಗುತ್ತದೆ, ಆದ್ದರಿಂದ ಆ ಜಾಗ ನಕ್ಷೆಯಲ್ಲೇ ನಿಗದಿಯಾಗಬೇಕು.

ಒತ್ತಡದ ಮೀಟರನ್ನೂ ನಂಬುವ ಮೊದಲು ಅದರ ಟ್ಯೂಬು ಹಿಡಿದು ನಡೆಯಿರಿ. ಹೋಲಿಕೆಯ ತುದಿ ಕಾರಿಡಾರಿನ ಬದಲು ಸೀಲಿಂಗ್ ಮೇಲಿನ ಪೊಳ್ಳಿನಲ್ಲಿ ಕೊನೆಗೊಂಡಿದ್ದರೆ ಪರದೆಯಲ್ಲಿ ಕಾಣುವ ಅಂಕಿ ಬಾಗಿಲಿನದ್ದಲ್ಲ. ಬಾಗಿಲ ಅಡಿ ಹೊಗೆ ಬಿಟ್ಟು ನೋಡುವುದು ಅಗ್ಗದ ಪರೀಕ್ಷೆ, ಅಷ್ಟೇ ನಿಷ್ಠುರ.

ಆದರೂ ಇವೆಲ್ಲ ಯಂತ್ರ ಸುಸೂತ್ರವಾಗಿ ಓಡುತ್ತಿರುವಾಗಿನ ಮಾತು. ಎಕ್ಸಾಸ್ಟ್ ಫ್ಯಾನನ್ನು ಬೇಕೆಂದೇ ನಿಲ್ಲಿಸಿ, ಸರಬರಾಜು ಫ್ಯಾನು ನಿಲ್ಲಿಸಿ, ಕರೆಂಟ್ ತೆಗೆಯಿರಿ, ಜನರೇಟರ್‌ಗೆ ದಾಟಿಸಿ, ಮತ್ತೆ ಕರೆಂಟ್ ಕೊಡಿ. ಪ್ರತಿ ಹಂತದಲ್ಲೂ ಸೆಕೆಂಡಿಗೊಮ್ಮೆ ಒತ್ತಡ ದಾಖಲಾಗುತ್ತಿರಲಿ, ಬಾಗಿಲಲ್ಲಿ ಹೊಗೆಯಿರಲಿ. ಮೊದಲ ಯತ್ನದಲ್ಲೇ ಪಾಸಾಗುವ ಕೊಠಡಿ ಕಂಡರೆ ದಾಖಲೆಯನ್ನು ಇನ್ನೊಮ್ಮೆ ನೋಡುವುದು ಲೇಸು. ಎಕ್ಸಾಸ್ಟ್ ನಿಂತರೂ ಸರಬರಾಜು ಫ್ಯಾನು ತನ್ನ ವೇಗದ ಬಲದಲ್ಲೇ ಕೆಲವು ಸೆಕೆಂಡು ತಿರುಗುತ್ತದೆ, ಅದರ ಡ್ಯಾಂಪರ್ (ಗಾಳಿಯ ನಾಳ ಮುಚ್ಚುವ ತಟ್ಟೆ) ನಿಧಾನವಾಗಿ ಮುಚ್ಚುತ್ತದೆ. ಅಷ್ಟರಲ್ಲಿ ಕೊಠಡಿ ಧನ ಒತ್ತಡಕ್ಕೆ ತಿರುಗಿ ಒಳಗಿನ ಗಾಳಿ ಕಾರಿಡಾರಿಗೆ ಬಂದಿರುತ್ತದೆ. ವೇಗವಾಗಿ ಮುಚ್ಚುವ ಡ್ಯಾಂಪರ್, ತಾನಾಗಿ ಚಾಲೂ ಆಗುವ ಬದಲಿ ಎಕ್ಸಾಸ್ಟ್ ಫ್ಯಾನು ಇದಕ್ಕೆ ಪರಿಹಾರ. ಕರೆಂಟ್ ಮರಳಿದಾಗ ಎಕ್ಸಾಸ್ಟ್ ಮೊದಲು ಏಳಬೇಕು. ಅದರ ಹರಿವು ಸ್ಥಿರವಾದ ಮೇಲಷ್ಟೇ ಸರಬರಾಜು. ಎರಡೂ ಒಟ್ಟಿಗೆ ಎದ್ದರೆ ಯಾವುದು ಮುಂದಾಗುತ್ತದೋ ಹೇಳಲಾಗದು. ಮಧ್ಯೆ ಫ್ಯಾನುಗಳ ನಿಯಂತ್ರಕ ರೀಬೂಟ್ ಆಗಿ ತನ್ನ ಮೂಲ ಸೆಟ್ಟಿಂಗ್‌ಗೆ ಮರಳಿದೆಯೇ ಎಂಬುದನ್ನೂ ನೋಡಿ.

ಈ ಪರೀಕ್ಷೆಗಳು ವರ್ಷಕ್ಕೊಮ್ಮೆ ಮರುಕಳಿಸಬೇಕು. ಫಿಲ್ಟರ್ ಬದಲಿಸಿದಾಗ ಸೋರಿಕೆ ಪರೀಕ್ಷೆ ಮಾಡಿಸಲು ಯಾರೂ ಮರೆಯುವುದಿಲ್ಲ. ನಿಯಂತ್ರಕದ ತಂತ್ರಾಂಶದಲ್ಲಿ ಒಂದೆರಡು ಸಾಲು ತಿದ್ದಿದಾಗಲೂ ಫ್ಯಾನು ನಿಲ್ಲಿಸುವ ಇಡೀ ಸರಣಿಯನ್ನು ಮತ್ತೆ ನಡೆಸಬೇಕೆಂದು ಸೇವಾ ಒಪ್ಪಂದದಲ್ಲೇ ಬರೆಸಿಡಿ.