ಇಂಟರ್‌ಲೀಫ್ ಫ್ರಿಕ್ಷನ್: ಹಳೆಯ ಜೀಪು ಸಣ್ಣ ಉಬ್ಬಿಗೂ ಕುಲುಕುವುದೇಕೆ?

ಲೀಫ್ ಸ್ಪ್ರಿಂಗ್ ಎಂದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟು. ಅದು ಬಾಗಬೇಕಾದರೆ ಪಟ್ಟಿಗಳು ಒಂದರ ಮೇಲೊಂದು ಜಾರಲೇಬೇಕು. ಆ ಜಾರುವಿಕೆಗೆ ಎದುರಾಗುವ ತಡೆಯೇ ಇಂಟರ್‌ಲೀಫ್ ಫ್ರಿಕ್ಷನ್, ಅಂದರೆ ಪಟ್ಟಿಗಳ ನಡುವಿನ ಘರ್ಷಣೆ. ಹಳೆಯ ಫೋರ್ ವೀಲ್ ಡ್ರೈವ್ ಗಾಡಿಗಳು ಸೊಂಟ ನೋಯುವಂತೆ ಎತ್ತಿ ಹಾಕುವುದಕ್ಕೆ ಬಹಳಷ್ಟು ಸಲ ಇದೇ ಕಾರಣ. ಸ್ಪ್ರಿಂಗೇ ಗಡುಸು ಎಂದುಕೊಂಡು ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್‌ಗೆ ದುಡ್ಡು ಸುರಿಯುವ ಮೊದಲು ಇದನ್ನು ನೋಡಬೇಕು.

ನಿಂತದ್ದನ್ನು ಕದಲಿಸಲು ಬೇಕಾದ ಬಲ, ಕದಲಿದ್ದನ್ನು ಜಾರಿಸುತ್ತಾ ಹೋಗಲು ಬೇಕಾದ ಬಲಕ್ಕಿಂತ ಹೆಚ್ಚು. ಜಲ್ಲಿ ರಸ್ತೆಯ ಸಣ್ಣ ಉಬ್ಬುಗಳ ಹೊಡೆತ ಆ ಮಿತಿಯನ್ನು ದಾಟದಿದ್ದರೆ ಪಟ್ಟಿಗಳು ಬಿಟ್ಟುಕೊಡುವುದಿಲ್ಲ. ಚಕ್ರಗಳ ಅಚ್ಚಾದ ಆಕ್ಸಲ್ಲನ್ನು ಗಾಡಿಯ ಚೌಕಟ್ಟಾದ ಚಾಸಿಗೇ ಬೆಸೆದ ಹಾಗಾಗುತ್ತದೆ. ಆಗ ಸ್ಪ್ರಿಂಗ್ ಆಗಿ ಉಳಿಯುವುದು ಟೈರಿನ ಗಾಳಿ ಮಾತ್ರ. ಶಾಕ್ ಅಬ್ಸಾರ್ಬರ್ ಕೂಡ ತಾನು ಚಲಿಸಿದಾಗಷ್ಟೇ ಕೆಲಸ ಮಾಡುವ ಭಾಗ, ಹಾಗಾಗಿ ಹೊಸದನ್ನು ಹಾಕಿದರೂ ಪ್ರಯೋಜನವಿಲ್ಲ. ದೊಡ್ಡ ಹಳ್ಳದಲ್ಲಿ ಪರವಾಗಿಲ್ಲ ಅನ್ನಿಸುವ ಗಾಡಿ ಸಣ್ಣ ಉಬ್ಬಿನಲ್ಲಿ ಹಲ್ಲು ಕಟಕಟಿಸುವುದು ಇದರಿಂದಲೇ.

ಪರೀಕ್ಷೆಗೆ ಅಳತೆ ಟೇಪು ಸಾಕು. ಸಮತಟ್ಟಾದ ನೆಲದಲ್ಲಿ ಬಂಪರನ್ನು ಒತ್ತಿ ನಿಧಾನವಾಗಿ ಬಿಡಿ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಎಷ್ಟಿದೆ ಎಂದು ಅಳೆಯಿರಿ. ಮತ್ತೆ ಬಂಪರನ್ನು ಮೇಲಕ್ಕೆತ್ತಿ, ನಿಧಾನವಾಗಿ ಬಿಟ್ಟು, ಅಲ್ಲೇ ಅಳೆಯಿರಿ. ವ್ಯತ್ಯಾಸ ಕೆಲವೇ ಮಿಲಿಮೀಟರ್ ಇದ್ದರೆ ಚಿಂತೆಯಿಲ್ಲ. ಒಂದೆರಡು ಸೆಂಟಿಮೀಟರ್ ಬಂದರೆ ಪಟ್ಟಿಗಳೋ, ಸ್ಪ್ರಿಂಗ್ ತುದಿಯ ಬೋಲ್ಟ್ ಸುತ್ತಲಿನ ಬುಷ್‌ಗಳೋ ಹಿಡಿದುಕೊಂಡಿವೆ.

ಮುಖ್ಯ ಕಾರಣ ತುಕ್ಕು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಪಟ್ಟಿಗಳ ನಡುವೆ ಬೆಣೆಯಂತೆ ಸೇರಿಕೊಳ್ಳುತ್ತದೆ. ಇನ್ನೊಂದು ಕಾರಣ ಬಿಚ್ಚಿದಾಗಲಷ್ಟೇ ಕಾಣುತ್ತದೆ: ಪ್ರತಿ ಗಿಡ್ಡ ಪಟ್ಟಿಯ ತುದಿ ತನ್ನ ಮೇಲಿನ ಪಟ್ಟಿಯ ಅಡಿಮೈಯನ್ನು ಕೊರೆದು, ಬೆರಳಿಗೆ ಸಿಗುವಂಥ ಗುಂಡಿ ಮಾಡಿರುತ್ತದೆ. ತುದಿ ಆ ಗುಂಡಿಯಲ್ಲಿ ಸಿಕ್ಕಿಕೊಂಡರೆ ಎಷ್ಟು ಎಣ್ಣೆ ಸುರಿದರೂ ಜಾರದು.

ಬಿಚ್ಚುವಾಗ ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಆಕ್ಸಲ್‌ಗೆ ಬೇರೆ ಆಧಾರ ಕೊಡಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಲೇಬಾರದು. ಪಟ್ಟಿಗಳ ಪಕ್ಕಕ್ಕೆ ಪೇಂಟಿನಲ್ಲಿ ಒಂದು ಓರೆ ಗೆರೆ ಎಳೆದರೆ ಜೋಡಿಸುವಾಗ ಕ್ರಮ ತಪ್ಪುವುದಿಲ್ಲ. ಪಟ್ಟಿಗಳನ್ನು ನಡುವೆ ಪೋಣಿಸಿರುವ ಸೆಂಟರ್ ಬೋಲ್ಟ್ ತೆಗೆಯುವ ಮೊದಲು ಕಟ್ಟನ್ನು ವೈಸ್‌ನಲ್ಲೋ ಜಿ-ಕ್ಲಾಂಪ್‌ನಲ್ಲೋ ಹಿಡಿಯಿರಿ, ಇಲ್ಲದಿದ್ದರೆ ಪಟ್ಟಿಗಳು ಸಿಡಿಯುತ್ತವೆ. ವೈರ್ ಬ್ರಷ್‌ನಿಂದ ತುಕ್ಕು ತೆಗೆದು, ತುದಿಗಳ ಮೇಲಂಚನ್ನು ದುಂಡಗೆ ಉಜ್ಜಿ, ಗುಂಡಿಯ ಏಣುಗಳನ್ನು ನಯಗೊಳಿಸಿ. ಗ್ರೈಂಡರ್ ಹಿಡಿದರೆ ಉಕ್ಕು ನೀಲಿಗೆ ತಿರುಗದಂತೆ ನೋಡಿಕೊಳ್ಳಿ: ನೀಲಿಯಾದ ಕಡೆ ಹದ ಕೆಟ್ಟಿರುತ್ತದೆ. ಸೆಂಟರ್ ಬೋಲ್ಟ್ ತೂತಿನ ಸುತ್ತ ಬಿರುಕಿದ್ದರೆ ಪಟ್ಟಿ ಬದಲಿಸಿ, ವೆಲ್ಡಿಂಗ್ ಬೇಡ.

ಮಾಮೂಲಿ ಗ್ರೀಸ್ ಬಳಿಯುವುದು ನನಗೆ ಒಪ್ಪಿಗೆಯಿಲ್ಲ. ಧೂಳು, ಮರಳು ಅದಕ್ಕೆ ಅಂಟಿ ಪಟ್ಟಿಯನ್ನೇ ಸವೆಸುತ್ತವೆ. ಒಣಗುವ ಗ್ರಾಫೈಟ್ ಲೇಪ, ಅಥವಾ ತುದಿಗಳಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಜಾರುಪಟ್ಟಿ ಒಳ್ಳೆಯದು. ಪಟ್ಟಿಗಳನ್ನು ಒಟ್ಟಿಗೆ ಹಿಡಿಯುವ ಕ್ಲಿಪ್‌ಗಳನ್ನು ಮರಳಿ ಹಾಕಿ, ಆದರೆ ಜಾರಲು ಜಾಗವಿರಲಿ.

ಸ್ಪ್ರಿಂಗ್ ಕಣ್ಣು (ಪಟ್ಟಿಯ ತುದಿಯ ಸುರುಳಿ) ಮತ್ತು ಶಾಕಲ್‌ನ (ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ ತೂಗುಕೊಂಡಿ) ಬೋಲ್ಟ್‌ಗಳ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಬಿಗಿದರೆ, ಗಾಡಿ ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಗಾಡಿ ಎತ್ತರ ನಿಂತು ಗಡುಸಾಗುತ್ತದೆ, ಬುಷ್ ಬೇಗ ಹರಿಯುತ್ತದೆ. ಪೂರ್ತಿ ಭಾರ ಚಕ್ರಗಳ ಮೇಲೆ ಬಂದ ನಂತರವೇ ಕೊನೆಯ ಬಿಗಿ.

ಮೆತ್ತಗಾಗಲಿ ಎಂದು ಪಟ್ಟಿ ತೆಗೆದು ಹಾಕುವ ರೂಢಿಯಿದೆ. ಗಾಡಿ ಕುಸಿಯುತ್ತದೆ, ಉಳಿದ ಪಟ್ಟಿಗಳ ಮೇಲೆ ಹೊರೆ ಬೀಳುತ್ತದೆ, ಘರ್ಷಣೆಯ ಮೂಲ ಅಲ್ಲೇ ಉಳಿಯುತ್ತದೆ. 1948ರಿಂದ 1985ರವರೆಗೆ ಬಂದ ಸೀರೀಸ್ ಲ್ಯಾಂಡ್ ರೋವರ್‌ಗಳಿಗೆ ಈಗ ಹಲವರು ಹಾಕಿಸುವ ಪ್ಯಾರಾಬೋಲಿಕ್ ಸ್ಪ್ರಿಂಗ್ ಇದಕ್ಕಿಂತ ಸರಿಯಾದ ದಾರಿ. ನಡುವೆ ದಪ್ಪ, ತುದಿಗೆ ತೆಳುವಾದ ಎರಡು ಮೂರೇ ಪಟ್ಟಿಗಳು. ಅವು ತಾಗುವುದು ನಡುವಿನಲ್ಲಿ ಮತ್ತು ತುದಿಯಲ್ಲಿ ಮಾತ್ರ.

ಘರ್ಷಣೆ ತಗ್ಗಿದ ಮೇಲೆ ಗಾಡಿ ತೂಗಾಡತೊಡಗಿದರೆ ಗಾಬರಿಯಾಗಬೇಡಿ. ಅದುವರೆಗೆ ಕುಣಿತವನ್ನು ತಡೆಯುತ್ತಿದ್ದುದು ಆ ಘರ್ಷಣೆಯೇ. ಸವೆದ ಶಾಕ್ ಅಬ್ಸಾರ್ಬರ್ ಈಗ ಬಯಲಾಗುತ್ತದೆ, ಬದಲಿಸಲು ಸರಿಯಾದ ಸಮಯ ಇದೇ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳು ಹೊಸವೇ ಇರಲಿ. ಅವನ್ನು ಓರೆಕೋರೆಯಾಗಿ, ಅಂದರೆ ಎದುರುಬದುರು ಮೂಲೆಗಳ ನಟ್‌ಗಳನ್ನು ಸರದಿಯಂತೆ ಬಿಗಿದು, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.