ಡೆಂಟಿಂಗ್-ಪೇಂಟಿಂಗ್: ಒಂದೇ ಮಾತಿನೊಳಗೆ ಐದು ಕೆಲಸ

ಗುದ್ದಿದ ಕಾರಿನ ಬಾಡಿ ರಿಪೇರಿಗೆ ಬೆಂಗಳೂರು, ಮೈಸೂರು ಕಡೆ ಟಿಂಕರಿಂಗ್ ಎನ್ನುವವರು ಹೆಚ್ಚು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಗ್ಯಾರೇಜುಗಳಲ್ಲಿ ‘ಡೆಂಟಿಂಗ್-ಪೇಂಟಿಂಗ್’ ಎಂಬ ಜೋಡಿ ಮಾತೇ ರೂಢಿ. ಗುದ್ದಿದ ಕಾರು ತಂದು ನಿಲ್ಲಿಸಿದರೆ ಮಾತುಕತೆ ಹೀಗೆ ಶುರುವಾಗುತ್ತದೆ.

“ಮಿಸ್ತ್ರಿ, ಎಷ್ಟಾಗತೈತ್ರಿ?”

“ಡೆಂಟಿಂಗ್-ಪೇಂಟಿಂಗ್ ಎಲ್ಲಾ ಸೇರಿ ಹದಿನೆಂಟು ಸಾವಿರ ಆಗತೈತ್ರಿ, ಸಾಹೇಬ್ರ.”

ಆ ‘ಎಲ್ಲಾ ಸೇರಿ’ಯಲ್ಲಿ ಐದು ಕೆಲಸಗಳಿವೆ: ಬಾಡಿಯ ಚೌಕಟ್ಟನ್ನು ಅಳತೆಗೆ ತರುವುದು, ತಗಡನ್ನು ಎಬ್ಬಿಸುವುದು ಇಲ್ಲವೇ ಬದಲಿಸುವುದು, ಏರಿಳಿತ ತುಂಬುವ ಪುಟ್ಟಿ, ಬಣ್ಣದ ಕೆಳಗೆ ಹೊಡೆಯುವ ಪ್ರೈಮರ್, ಬಣ್ಣ. ಒಂದೊಂದಕ್ಕೂ ಬೇರೆ ಸಲಕರಣೆ, ಬೇರೆ ದರ. ಮೊದಲ ಎರಡರಲ್ಲಿ ಉಳಿಸಿದ ಶ್ರಮವನ್ನು ಕೊನೆಯ ಮೂರು ಮುಚ್ಚಿಹಾಕುತ್ತವೆ. ಆದ್ದರಿಂದ ಈ ಮಾತನ್ನು ಎಸ್ಟಿಮೇಟ್‌ನಲ್ಲಿ ಬಿಡಿಸಿ, ಯಾವ ಭಾಗ ರಿಪೇರಿ, ಯಾವುದು ಹೊಸದು, ಯಾವುದಕ್ಕೆ ಬಣ್ಣ ಮಾತ್ರ ಎಂದು ಬರೆದುಕೊಡುವ ಗ್ಯಾರೇಜನ್ನೇ ನಂಬಬೇಕು. ಬಿಚ್ಚಿದ ಮೇಲೆ ಒಳಗಿನ ಹಾನಿ ಕಂಡು ಎರಡನೇ ಎಸ್ಟಿಮೇಟ್ ಕೊಟ್ಟರೆ ಅದು ಮೋಸವಲ್ಲ, ಸರಿಯಾದ ಕ್ರಮ. ಬಿಚ್ಚದೆಯೇ ಅಂತಿಮ ಮೊತ್ತ ಹೇಳುವವರ ಬಗ್ಗೆ ಎಚ್ಚರವಿರಲಿ.

ಚೌಕಟ್ಟಿನಿಂದಲೇ ಶುರು ಮಾಡಬೇಕು. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ರಸ್ತೆಗಳಲ್ಲಿ ರಾತ್ರಿ ನಿಂತ ಟ್ರ್ಯಾಲಿಗೆ ಹಿಂದಿನಿಂದ ಗುದ್ದಿದರೆ ಟ್ರ್ಯಾಲಿಯ ಅಂಚು ಬಂಪರಿಗಿಂತ ಮೇಲೆ ಬಡಿಯುತ್ತದೆ. ಬಂಪರು ಅಷ್ಟೇನೂ ಒಡೆದಿರುವುದಿಲ್ಲ, ಆದರೆ ಬಾನೆಟ್ಟು, ರೇಡಿಯೇಟರ್ ಹಿಡಿದ ಚೌಕಟ್ಟು, ಅದರ ಹಿಂದಿನ ಅಪ್ರಾನ್ (ಚಕ್ರದ ಮೇಲಿನ ಒಳತಗಡು) ಒಳಸರಿದಿರುತ್ತವೆ. ಇಂಥ ಕಾರಿನ ಇಂಜಿನ್ ಕೋಣೆಯನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಬೇಕು. ಎರಡು ಕರ್ಣಗಳೂ ಸಮ ಇರಬೇಕಾದ ಕಡೆ 3 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎಳೆದು ಸರಿಪಡಿಸಬೇಕು. ಕಾರನ್ನು ಬೆಂಚಿಗೆ ಬಿಗಿದು ಸರಪಳಿ ಹಾಕಿ ನಿಧಾನವಾಗಿ ಎಳೆಯುವ ಸಲಕರಣೆ ಅವರಲ್ಲಿದೆಯೇ ಎಂದು ಕೇಳಿ, ಹೋಗಿ ನೋಡಿ. ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಬಡಿಯುವ ಕಡೆ ಕಾರು ಬಿಡಬೇಡಿ. ಈಗಿನ ಕಾರುಗಳ ಆಧಾರ ಭಾಗಗಳಲ್ಲಿರುವ ಹೆಚ್ಚು ಬಲದ ಉಕ್ಕು ಹಾಗೆ ಕಾದರೆ ಬಲ ಕಳೆದುಕೊಳ್ಳುತ್ತದೆ, ತುಕ್ಕು ತಡೆಯುವ ಸತುವಿನ ಲೇಪವೂ ಸುಟ್ಟುಹೋಗುತ್ತದೆ. ಬೆಸುಗೆಗೆ ಸ್ಪಾಟ್ ವೆಲ್ಡಿಂಗ್ ಅಥವಾ ಮಿಗ್ ವೆಲ್ಡಿಂಗ್ ಇರಬೇಕು. ಚೌಕಟ್ಟು ನೇರವಾಗದ ಕಾರಿಗೆ ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದರೂ ಒಂದೇ ಕಡೆ ಎಳೆಯುತ್ತದೆ, ಟೈರು ಒಂದು ಅಂಚಿನಲ್ಲಿ ಸವೆಯುತ್ತದೆ.

ಇನ್ನು ಪುಟ್ಟಿ. ಅತಿ ಹೆಚ್ಚು ಮೋಸ ನಡೆಯುವುದು ಇಲ್ಲಿಯೇ, ಆದರೆ ಪುಟ್ಟಿಯೇ ತಪ್ಪು ಎಂದುಕೊಳ್ಳಬೇಡಿ. ಹೊರ ತಗಡಿನ ದಪ್ಪ ಸುಮಾರು 0.7 ಮಿಲಿಮೀಟರ್. ಒಳಗಿನಿಂದ ಡಾಲಿ (ಆನಿಕೆಯ ಕಬ್ಬಿಣದ ಗಟ್ಟಿ) ಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ಸಣ್ಣಗೆ ತಟ್ಟುತ್ತ, ಕೈ ಹೋಗದ ಕಡೆ ವಾಷರ್ ಬೆಸೆದು ಹೊರಕ್ಕೆಳೆದು ತಗಡನ್ನು ಮೂಲ ಆಕಾರದ ಹತ್ತಿರಕ್ಕೆ ತಂದ ಮೇಲೆ ಉಳಿಯುವ ಏರಿಳಿತ ತುಂಬಲಷ್ಟೇ ಪುಟ್ಟಿ. ಅದು 3 ಮಿಲಿಮೀಟರ್ ಮೀರಬಾರದು. ತಗ್ಗನ್ನು ಎಬ್ಬಿಸದೆ ತುಂಬಿಬಿಟ್ಟರೆ ಗಾರೆ ಮೆತ್ತಿದಂತೆ. ರಸ್ತೆಯ ಅದುರಿಗೆ ಬಿರುಕು ಬಿಟ್ಟು ಒಂದು ದಿನ ಹೆಕ್ಕಳಿಕೆಯಾಗಿ ಕಿತ್ತುಬರುತ್ತದೆ.

ಕಲಸುವ ಹದವೂ ಮುಖ್ಯ. 100 ಗ್ರಾಂ ಪುಟ್ಟಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ 2 ಗ್ರಾಂ ಆಸುಪಾಸು, ಕಲಸಿದ ಪುಟ್ಟಿಯ ಬಣ್ಣ ಎಲ್ಲ ಕಡೆ ಒಂದೇ ಸಮ ಬರಬೇಕು. ಕಡಿಮೆಯಾದರೆ ಗಟ್ಟಿಯಾಗದೆ ಪಾಲಿಶ್ ಪೇಪರಿಗೆ ಅಂಟಿಕೊಳ್ಳುತ್ತದೆ, ಹೆಚ್ಚಾದರೆ ಕೆಲವು ವಾರಕ್ಕೆ ಬಣ್ಣದ ಮೇಲೆ ಕಲೆಯಾಗಿ ಮೂಡುತ್ತದೆ. ವಿಜಯಪುರದ ಮೇ ತಿಂಗಳ ಬಿಸಿಲಿನಲ್ಲಿ ಕಲಸಿದ ಪುಟ್ಟಿ ಹಲಗೆಯ ಮೇಲೆಯೇ ಬಿಗಿಯತೊಡಗುತ್ತದೆ, ಅಲ್ಲಿ ಸ್ವಲ್ಪ ಸ್ವಲ್ಪವೇ ಕಲಸಬೇಕು. ಬೆಳಗಾವಿಯ ಮಳೆಗಾಲದ ತೊಂದರೆ ಬೇರೆ. ಪುಟ್ಟಿ ನೀರು ಹೀರುತ್ತದೆ. ನೀರು ಹಾಕಿ ಉಜ್ಜಿ, ಪೂರ್ತಿ ಆರುವ ಮೊದಲೇ ಪ್ರೈಮರ್ ಹೊಡೆದರೆ ಒಳಗೆ ಸಿಕ್ಕ ತೇವ ಆಮೇಲೆ ಬಣ್ಣವನ್ನು ಗುಳ್ಳೆಯಾಗಿ ಎತ್ತುತ್ತದೆ, ಕೆಳಗೆ ತಗಡು ತುಕ್ಕು ಹಿಡಿಯುತ್ತದೆ. ಪುಟ್ಟಿಯನ್ನು ಒಣದಾಗಿಯೇ ಉಜ್ಜಬೇಕು: 80ನೇ ನಂಬರಿನ ಒರಟು ಪೇಪರಿನಿಂದ ಶುರುಮಾಡಿ 180, 320ರ ನಯ ಪೇಪರು. ಕಂಪ್ರೆಸರಿನ ಗಾಳಿಗೆ ನೀರು ಹಿಡಿಯುವ ಫಿಲ್ಟರ್ ಇದೆಯೇ ಎಂಬುದನ್ನೂ ಮಳೆಗಾಲದಲ್ಲಿ ನೋಡಲೇಬೇಕು.

ಪರೀಕ್ಷೆ ಸುಲಭ. ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಪೆಟ್ಟಾಗದ ಬಾಗಿಲಿಗೆ ಹಿಡಿಯಿರಿ, ಆಮೇಲೆ ರಿಪೇರಿಯಾದ ಬಾಗಿಲಿನ ಅದೇ ಜಾಗಕ್ಕೆ. ಎರಡನೆಯದರಲ್ಲಿ ಜಾರಿ ಬಿದ್ದರೆ ಪುಟ್ಟಿ ದಪ್ಪವಿದೆ ಎಂದರ್ಥ. ಪ್ಲಾಸ್ಟಿಕ್ ಬಂಪರಿಗೆ ಇದು ನಡೆಯದು.

ಬಣ್ಣವನ್ನು ಕಣ್ಣಂದಾಜಿನಲ್ಲಿ ಅಲ್ಲ, ಕಾರಿನ ಬಾಡಿಯ ಮೇಲೆ ಕಂಪನಿ ಹಾಕಿದ ಗುರುತಿನ ಪ್ಲೇಟಿನಲ್ಲಿರುವ ಪೇಂಟ್ ಕೋಡ್ ಹಿಡಿದು ಬೆರೆಸಬೇಕು. ಸಿಲ್ವರ್, ಬೂದು ಮೆಟಾಲಿಕ್ ಬಣ್ಣಗಳಲ್ಲಿ ಪಕ್ಕದ ಪ್ಯಾನೆಲಿಗೂ ಸ್ವಲ್ಪ ಹರಡಿಸದಿದ್ದರೆ ಅಂಚು ಎದ್ದು ಕಾಣುತ್ತದೆ. ಹೀಗಾಗಿ ಒಂದು ಬಾಗಿಲಿಗೆ ಪೆಟ್ಟಾದಾಗ ಪಕ್ಕದ ಫೆಂಡರನ್ನೂ ಸೇರಿಸುವ ಪೇಂಟರ್ ದುಡ್ಡಿಗಾಗಿಯೇ ಹಾಗೆ ಹೇಳುತ್ತಿಲ್ಲ. ಬಣ್ಣದ ಮೇಲೆ ಹೊಡೆಯುವ, ಹಾರ್ಡನರ್ ಬೆರೆಸಿದ ಪಾರದರ್ಶಕ ಕ್ಲಿಯರ್ ಕೋಟ್ ಮುಚ್ಚಿದ ಬೂತಿನಲ್ಲಿ ಸುಮಾರು 60 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಬೇಕು. ರಸ್ತೆ ಬದಿಯ ತೆರೆದ ಶೆಡ್ಡಿನಲ್ಲಿ ಹೊಡೆದರೆ ಧೂಳು ಕೂರುವುದು ಖಚಿತ.

ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ ಹೊಸದೇ ಬೇಕು, ಗುದ್ದಿದಾಗ ಸೀಟ್ ಬೆಲ್ಟನ್ನು ಬಿಗಿಯುವ ಪ್ರಿಟೆನ್ಷನರ್ ಸಿಡಿದಿದ್ದರೆ ಅದೂ. ಚಾವಿ ತಿರುವಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಹತ್ತಿ ಆರಬೇಕು. ಹತ್ತಲೇ ಇಲ್ಲವೆಂದರೆ ದೀಪವನ್ನೇ ಕಿತ್ತಿರಬಹುದು. ಇದು ಜೀವದ ಪ್ರಶ್ನೆ, ಸ್ಕ್ಯಾನರ್ ಹಾಕಿಸಿ ರಿಪೋರ್ಟ್ ಕೇಳಿ.

ವಿಮೆಯ ಲೆಕ್ಕವೂ ಎಸ್ಟಿಮೇಟ್ ಬಿಡಿಸಿ ಬರೆಸಲು ಇನ್ನೊಂದು ಕಾರಣ. ಝೀರೋ ಡೆಪ್ (ಸವಕಳಿ ಕಡಿತ ತಪ್ಪಿಸುವ ಹೆಚ್ಚುವರಿ ರಕ್ಷಣೆ) ಇಲ್ಲದ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಏರ್‌ಬ್ಯಾಗ್‌ಗೆ ಶೇ. 50, ಫೈಬರ್‌ಗ್ಲಾಸಿಗೆ ಶೇ. 30 ಸವಕಳಿ ಕಡಿತ. ಗಾಜಿಗೆ ಇಲ್ಲ. ಬಣ್ಣದಲ್ಲಿ ಸಾಮಗ್ರಿಯ ಬೆಲೆಗೆ ಮಾತ್ರ ಶೇ. 50, ಮಜೂರಿಗೆ ಇಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಪ್ರಕಾರ ಏರುತ್ತದೆ: 6 ತಿಂಗಳವರೆಗೆ ಏನೂ ಇಲ್ಲ, 4ರಿಂದ 5 ವರ್ಷಕ್ಕೆ ಶೇ. 35, 10 ವರ್ಷ ದಾಟಿದರೆ ಶೇ. 50. ವಿಮೆಗಾಗಿ ಹಾನಿ ಅಂದಾಜು ಮಾಡುವ ಸರ್ವೇಯರ್ ನೋಡುವ ಮೊದಲು ಒಂದು ಬೋಲ್ಟನ್ನೂ ಬಿಚ್ಚಲು ಬಿಡಬೇಡಿ. “ನಿಮ್ಮ ಕೈಯಿಂದ ಒಂದ್ ರೂಪಾಯಿನೂ ಬ್ಯಾಡ್ರಿ, ಎಲ್ಲಾ ಕ್ಲೇಮಿನ್ಯಾಗ ಕೂಡಿಸ್ತೇವಿ” ಎನ್ನುವವರು ನಿಮ್ಮ ಪಾಲಿನ ಹಣವನ್ನು ಹಳೇ ಸಾಮಾನು ಹಾಕಿ ಇಲ್ಲವೇ ಸುಳ್ಳು ಬಿಲ್ಲು ಬರೆದು ತೆಗೆಯುತ್ತಾರೆ. ಖಾಲಿ ಕ್ಲೇಮ್ ಫಾರ್ಮಿಗೆ ಸಹಿ ಬೇಡ. ಬಿಲ್ಲಿನ ಮೇಲೆ 15 ಅಂಕಿ-ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇರಲಿ. ಕರ್ನಾಟಕದ್ದು 29ರಿಂದ ಶುರು, ಕೊಲ್ಹಾಪುರ ಅಥವಾ ಸೊಲ್ಲಾಪುರದಲ್ಲಿ ಮಾಡಿಸಿದರೆ 27ರಿಂದ.

ಕಾರನ್ನು ಸಂಜೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಒಪ್ಪಿಸಿಕೊಳ್ಳಬೇಡಿ, ಬೆಳಗಿನ ಬಿಸಿಲಿನಲ್ಲಿ ನೋಡಿ. ಬದಿಯಿಂದ ಓರೆಗಣ್ಣಿನಲ್ಲಿ ನೋಡಿದರೆ ಅಲೆ ಕಾಣುತ್ತದೆ. ಬಾನೆಟ್ಟಿನ ಎರಡೂ ಕಡೆಯ ಸಂದು ಒಂದೇ ಅಗಲವಿರಬೇಕು, ಬಾಗಿಲು ಎತ್ತಿ ಬಡಿಯದೆ ಮುಚ್ಚಬೇಕು. ಗಾಜಿನ ಅಂಚಿಗೂ ಡಿಕ್ಕಿಗೂ ಪೈಪಿನಲ್ಲಿ ನೀರು ಬಿಡಿಸಿ, ಒಳಗೆ ಸೋರಿದೆಯೇ ಎಂದು ಮ್ಯಾಟು ಎತ್ತಿ ಕೈಯಾಡಿಸಿ. ಹೊಸ ಬಣ್ಣಕ್ಕೆ ಮೊದಲ 30 ದಿನ ವ್ಯಾಕ್ಸ್ ಹಚ್ಚಬಾರದು, ಒಳಗಿನ ಥಿನ್ನರ್ ಹೊರಹೋಗಲು ಅಷ್ಟು ಸಮಯ ಬೇಕು.